ಊರ ಅಳಿಯನಿಗೆ ಯಾರೂ ಇಲ್ಲ ಅನ್ನುವುದಿಲ್ಲ

ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿಳಿದಾಗ ಬೆಳಗಿನ ಏಳು ಗಂಟೆ. ಬಿಸಿಲು ಮಾತ್ರ ನಮ್ಮ ಮಂಡ್ಯದ ನಡುಮಧ್ಯಾಹ್ನದ್ದು. ಮೇಲಿನ ಬರ್ತಿನಲ್ಲಿ ಮಡಚಿಕೊಂಡು ಮಲಗಿದ್ದ ನನ್ನ ಸೊಂಟ ನೆಟ್ಟಗಾಗಬೇಕಾದರೆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯಬೇಕಾಯಿತು. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಎರಡು ಜೊತೆ ಬಟ್ಟೆ, ಅತ್ತೆಗೆಂದು ತಂದ ಬೆಲ್ಲದಚ್ಚು. ತಲೆಯಲ್ಲಿ ಹೆಂಡತಿ ಹೊರಿಸಿ ಕಳಿಸಿದ ಒಂದು ಪ್ರಶ್ನೆ: ಯುದ್ಧ ಗೆದ್ದುಕೊಟ್ಟ ನಾಯಕರ ಹಿಂದೆ ಜನ ಈಗಲೂ ಇದ್ದಾರೋ, ಇಲ್ಲವೋ?

ಇಂಥ ಪ್ರಶ್ನೆ ಪೇಪರಿನವರಿಗೆ ಸರಿ, ಹೈಸ್ಕೂಲಿನ ಗಣಿತದ ಮೇಷ್ಟ್ರಿಗೆ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಹೆಂಡತಿ ಉತ್ತರ ಕೊಡದೆ ಚೀಲ ಕೊಟ್ಟಳು.

ವಿಷಯ ಇಷ್ಟೆ. ಶಾಂತಾ ಶಹಾಪುರದವಳು, ಮಂಡ್ಯಕ್ಕೆ ಶಿಕ್ಷಕಿಯಾಗಿ ಬಂದು ನನ್ನ ಕೈಗೆ ಸಿಕ್ಕವಳು. ಅವಳ ಅಪ್ಪ ಶರಣಪ್ಪನವರು ಶಹಾಪುರದಲ್ಲಿ, ಅವಳ ಸೋದರಮಾವ ದೇವಿಂದ್ರಪ್ಪನವರು ಸುರಪುರದಲ್ಲಿ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಓದಿದ ಗೆಳೆಯರು. ಆ ಗೆಳೆತನದ ಮೇಲೆಯೇ ದೇವಿಂದ್ರಪ್ಪನವರು ತಂಗಿ ನಾಗಮ್ಮನನ್ನು ಶರಣಪ್ಪನವರಿಗೆ ಕೊಟ್ಟಿದ್ದರು. ಯುದ್ಧದ ದಿನಗಳಲ್ಲಿ ಇಬ್ಬರೂ ಒಂದೇ ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದು, ಗೆದ್ದ ಸುದ್ದಿ ಬಂದೊಡನೆ ಯಾದಗಿರಿಗೆ ಹೋಗಿ ನಾಯಕರ ಎರಡು ಫೋಟೋ ಕೊಂಡು, ಒಂದೇ ಅಳತೆಯ ಕಟ್ಟು ಹಾಕಿಸಿಕೊಂಡು ಬಂದಿದ್ದರಂತೆ. ಆಮೇಲೆ ಕಾಲುವೆ ಬಂತು, ನೀರು ಕೆಲವರ ಹೊಲಕ್ಕಷ್ಟೇ ಬಂತು, ದಿನಸಿಯ ಬೆಲೆ ಏರಿತು, ಜನರ ಮಾತು ಬದಲಾಯಿತು. ಸುರಪುರದವರು ಫೋಟೋ ಇಳಿಸಿದರು. ಶಹಾಪುರದವರು ಅದಕ್ಕೆ ಹೊಸ ಹಾರ ಹಾಕಿದರು. ಒಂದು ಹಬ್ಬದ ಊಟದಲ್ಲಿ ಮಾತಿಗೆ ಮಾತು ಬೆಳೆದು, ಅರ್ಧ ಹೋಳಿಗೆ ತಟ್ಟೆಯಲ್ಲೇ ಬಿಟ್ಟು ಎದ್ದುಹೋದ ದೇವಿಂದ್ರಪ್ಪನವರು ತಂಗಿಯ ಹೊಸ್ತಿಲು ತುಳಿಯದೆ ಮೂರು ವರ್ಷವಾಗಿತ್ತು.

ನಾಯಕರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಆ ಇಬ್ಬರಲ್ಲಿ ಒಬ್ಬರಾದರೂ ನಮ್ಮ ಮನೆಗೆ ಬರುವುದನ್ನು ಬಿಡುತ್ತಾರೆ.

ಈಗ ನಾದಿನಿ ಗೌರಿಯ ಮದುವೆ ಗೊತ್ತಾಗಿತ್ತು. ಸೋದರಮಾವ ಕೈ ಹಿಡಿದು ಹಂದರಕ್ಕೆ ಕರೆತರದೆ ಮದುಮಗಳಿಗೆ ಅಕ್ಷತೆ ಬೀಳುವುದಿಲ್ಲ. ಅವರಿವರು ನಡುವೆ ಓಡಾಡಿ ಒಂದು ಷರತ್ತಿಗೆ ಇಬ್ಬರನ್ನೂ ಒಪ್ಪಿಸಿದ್ದರು. ಮೂರನೆಯವನೊಬ್ಬ ಊರೂರು ಕೇಳಿಕೊಂಡು ಬರಬೇಕು. ಜನ ಇನ್ನೂ ನಾಯಕರ ಹಿಂದಿದ್ದಾರೆ ಎಂದಾದರೆ ದೇವಿಂದ್ರಪ್ಪ ಸೋತಂತೆ, ತಾವಾಗಿ ಶಹಾಪುರಕ್ಕೆ ಬರಬೇಕು. ಇಲ್ಲ ಎಂದಾದರೆ ಶರಣಪ್ಪ ಸೋತಂತೆ, ಫೋಟೋ ಇಳಿಸಿ ಹೋಗಿ ಕರೆಯಬೇಕು. ಮೂರನೆಯವನು ಯಾರಾಗಬೇಕು? ದೂರದವನು, ಓದಿದವನು, ಯಾರ ಪಕ್ಷವೂ ಅಲ್ಲದವನು ಎಂದು ನನ್ನ ಹೆಸರು ಹೇಳಿದವಳು ನನ್ನ ಹೆಂಡತಿ.

ಸ್ಟೇಷನ್ನಿನ ಹೊರಗೆ ಒಂದು ಚಹಾದಂಗಡಿ. ಸೂಸಲಾ ಮತ್ತು ಮಿರ್ಚಿ ಭಜಿ ಹೇಳಿದೆ. ಸೂಸಲಾ ಅಂದರೆ ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿ. ಬೆಳಗ್ಗೆ ಏಳಕ್ಕೆ ಮೆಣಸಿನಕಾಯಿ ತಿನ್ನುವ ಊರಿನವರು ಮನಸ್ಸಿನಲ್ಲಿ ಏನನ್ನೂ ಇಟ್ಟುಕೊಳ್ಳಲಾರರು ಎಂದುಕೊಂಡು ನನ್ನ ಪ್ರಶ್ನೆ ಎತ್ತಿದೆ. ಅಂಗಡಿಯವ ಜಾಲರಿ ಸೌಟು ಎಣ್ಣೆಯಲ್ಲೇ ಬಿಟ್ಟು ನನ್ನ ಕಡೆ ತಿರುಗಿದ.

"ಬೆಂಬಲದ್ ಮಾತ ಕೇಳತೀರೇನ್ರಿ? ಖರೇ ಹೇಳಬೇಕಂದ್ರ ನೋಡ್ರಿ..." ಎಂದು ಕೈ ಎತ್ತಿದವನು ನಡುವೆ ನಿಂತ. "ಯಾವೂರಾತ್ರಿ ನಿಮ್ಮದು?"

"ಮಂಡ್ಯ. ಶಹಾಪುರದಲ್ಲಿ ನಮ್ಮ ಮಾವನ ಮನೆ ಇದೆ."

ಇದೇ ನಾನು ಮಾಡಿದ ತಪ್ಪು. ಅವನ ಎತ್ತಿದ ಕೈ ಹಾಗೇ ಕೆಳಗಿಳಿದು ಇನ್ನೊಂದು ಕೈಗೆ ಜೋಡಿಸಿಕೊಂಡಿತು.

"ಹಂಗಾದ್ರ ನಮ್ಮ ಅಳ್ಯಾರೇ ಆದ್ರಲ್ರಿ! ಶಹಾಪುರ ಏನು, ಯಾದಗಿರಿ ಏನು, ಎಲ್ಲಾ ಒಂದೇ. ಏ, ಅಳ್ಯಾರಿಗಿ ಖುರ್ಚಿ ಹಾಕ್ರೋ!"

"ಅದಿರಲಿ, ನೀವೇನೋ ಹೇಳ್ತಿದ್ರಲ್ಲ?"

"ನಾ ಏನು ಹೇಳಲ್ರಿ? ನಿಮ್ಮ ಮನಸ್ಸಿನ್ಯಾಗ ಏನೈತಿ, ಅದೇ ನಮ್ಮ ಮನಸ್ಸಿನ್ಯಾಗೂ ಐತ್ರಿ."

ಭಜಿ ಎರಡು ಹೆಚ್ಚು ಬಂದವು, ಉತ್ತರ ಬರಲಿಲ್ಲ. ದುಡ್ಡು ಕೊಡಹೋದರೆ ಅವನು ಕೈ ಹಿಂದಕ್ಕೆ ಕಟ್ಟಿಕೊಂಡ. ಅಳಿಯನ ಹತ್ತಿರ ದುಡ್ಡು ತೆಗೆದುಕೊಂಡರೆ ಊರು ನಗುತ್ತದಂತೆ.

ಯಾದಗಿರಿಯಿಂದ ಶಹಾಪುರಕ್ಕೆ ಮೂವತ್ತೈದು ಕಿಲೋಮೀಟರಿನ ಆಜುಬಾಜು. ಬಸ್ಸು ಒಂದೂವರೆ ತಾಸು ತೆಗೆದುಕೊಂಡಿತು. ಪಕ್ಕದ ಸೀಟಿನಲ್ಲಿ ಬಳಿಚಕ್ರದ ಮುದುಕರೊಬ್ಬರು ತೊಗರಿ ಚೀಲವನ್ನು ಮೊಮ್ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಈ ಸಲ ಜಾಣನಾಗಿ ಮೊದಲೇ "ನಾನು ಮಂಡ್ಯದ ಮೇಷ್ಟ್ರು" ಎಂದೆ. "ಮಂಡ್ಯದವರು ಇಲ್ಲಿಗಿ ಯಾಕ ಬಂದೀರಿ? ಬೀಗತನ ಇರಬೇಕು," ಎಂದು ಅವರೇ ಪತ್ತೆ ಹಚ್ಚಿಬಿಟ್ಟರು. ಅಲ್ಲಿಗೆ ಬಸ್ಸಿನ ತುಂಬ ನಾನು ಅಳಿಯನಾದೆ. ಕಿಟಕಿಯ ಸೀಟು ಸಿಕ್ಕಿತು. ಅಭಿಪ್ರಾಯ ಒಂದೂ ಸಿಗಲಿಲ್ಲ.

ಭೀಮಾ ನದಿಯ ಸೇತುವೆ ದಾಟುವವರೆಗೆ ನೆಲ ಒಣಗಿ ಬಾಯಿಬಿಟ್ಟಿತ್ತು. ಭೀಮರಾಯನಗುಡಿ ಹತ್ತಿರವಾದಂತೆ ಇದ್ದಕ್ಕಿದ್ದಂತೆ ಹಸಿರು. ನಾವು ನಾಲೆ ಎನ್ನುವುದನ್ನು ಇಲ್ಲಿ ಕೆನಾಲ್ ಎನ್ನುತ್ತಾರೆ. ಏರಿಯ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು, ನೀರಾವರಿ ಕ್ಯಾಂಪಿನ ಒಂದೇ ಥರದ ಮನೆಗಳು ಸಾಲಾಗಿ ನಿಂತಿದ್ದವು. ನಾಲೆಯ ನೀರು ಕುಡಿದು ಬೆಳೆದ ನನಗೆ ಆ ವಾಸನೆ ಮೂಗಿಗೆ ಬಡಿದೊಡನೆ ಊರು ನೆನಪಾಗಿ ಮನಸ್ಸು ತಂಪಾಯಿತು.

ಶಹಾಪುರದ ಮನೆಯಲ್ಲಿ ಕಾಲಿಗೆ ನೀರು, ಕೂರಲು ಹೊಸ ಜಮಖಾನ, ಬೆನ್ನಿಗೆ ಲೋಡು. ಎದುರಿನ ಗೋಡೆಯಲ್ಲಿ ನಾಯಕರು ಹಾರದೊಳಗಿಂದ ನನ್ನನ್ನೇ ನೋಡುತ್ತಿದ್ದರು. ಮಾವ ಶರಣಪ್ಪನವರು ಎತ್ತರದ ಆಳು. ಮಾತು ಕಡಿಮೆ, ಕೆಮ್ಮು ಜಾಸ್ತಿ. ಕಾಲುವೆಯ ಮಗ್ಗುಲಲ್ಲೇ ಅವರ ಹೊಲ.

"ಎಲ್ಲಾ ಕಡಿ ಕೇಳ್ರಿ ಅಳ್ಯಾರ. ನಾ ಏನೂ ನಡುವ ಬಾಯಿ ಹಾಕಂಗಿಲ್ಲ," ಎಂದರು. "ಖರೇ ಏನೈತಿ ಅದು ಹೊರಗ ಬರಲಿ."

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಹೋಳಿಗೆ. ಮಾವ ಕೈ ತೊಳೆಯಲು ಎದ್ದಾಗ ಅತ್ತೆ ತುಪ್ಪದ ಗಿಂಡಿ ಹಿಡಿದು ಬಗ್ಗಿದವರು ಹಾಗೇ ನಿಂತರು.

"ಅಳ್ಯಾರ, ಯಾರ ಗೆದ್ದರೂ ನನಗಷ್ಟೇ ಐತ್ರಿ. ಹೆತ್ತವ್ವ ಹೋದಮ್ಯಾಲ ತವರು ಅಂತ ಇರಾಂವ ಅಂವ ಒಬ್ಬನೇ. ಮೂರು ನಾಗರಪಂಚಮಿ, ಅಣ್ಣ ಕರೀಲಾಕ ಬರ್ತಾನಂತ ನಾ ಬಾಗಿಲಾಗೇ ಕುಂತೀನಿ. ಹೆಂಗರ ಮಾಡಿ ನಮ್ಮಣ್ಣನ್ನ ಈ ಹೊಸ್ತಿಲ ದಾಟಸ್ರಿ."

ತುಪ್ಪ ಹೋಳಿಗೆಯ ಮೇಲೆ ಬೀಳದೆ ಜಮಖಾನದ ಮೇಲೆ ಬೀಳುತ್ತಿತ್ತು. ಅದು ಅವರಿಗೂ ಕಾಣಲಿಲ್ಲ, ಹೇಳಲು ನನಗೂ ಮನಸ್ಸಾಗಲಿಲ್ಲ. ಅಲ್ಲಿಯವರೆಗೆ ಇದೊಂದು ತಮಾಷೆ ಎಂದುಕೊಂಡಿದ್ದ ನನಗೆ ಆಗ ನಿಜವಾಗಿ ಹೆದರಿಕೆಯಾಯಿತು.

ಮಾರನೆಯ ದಿನ ಮಾವನ ಜೊತೆ ಶಿರವಾಳಕ್ಕೆ ಹೋದೆ. ಅಲ್ಲಿ ಹೊಲಗಳ ನಡುವೆ ಹಳೆಯ ಗುಡಿಗಳು ಎಲ್ಲೆಂದರಲ್ಲಿ ಎದ್ದು ನಿಂತಿವೆ. ಕಲ್ಲಿನ ಕಂಬಗಳ ನೆರಳಿನಲ್ಲಿ ಕೂತವರನ್ನೆಲ್ಲ ಕೇಳಿದೆ. ಮಾವ ಬಾಯಿ ಹಾಕಲಿಲ್ಲ, ಆಡಿದ ಮಾತಿಗೆ ತಪ್ಪುವವರಲ್ಲ. ನನ್ನ ಹಿಂದೆ ಹತ್ತು ಮಾರು ದೂರದಲ್ಲಿ ನಿಂತು ಕೆಮ್ಮಿದರು ಅಷ್ಟೆ. ಕೆಮ್ಮು ಕೇಳಿದವರೆಲ್ಲ "ನೂರಕ್ಕ ನೂರು ಬೆಂಬಲ ಐತ್ರಿ" ಎಂದರು.

ಅಲ್ಲಿನ ಶಾಲೆಯ ಮಿಲಿಂದ ಮಾಸ್ತರರು ಸಿಕ್ಕಾಗ ಜೀವ ಬಂದಂತಾಯಿತು. ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ಫೋಟೋ ಒಂದೇ ಇತ್ತು, ಬೇರೆ ಯಾರದೂ ಇರಲಿಲ್ಲ. ಇವರಾದರೂ ಮುಖ ನೋಡಿ ಮಣೆ ಹಾಕುವವರಲ್ಲ ಎಂದುಕೊಂಡೆ.

"ಸರ, ಮಾಸ್ತರಂತ ಕೇಳಿದ್ರ ಒಂದು ಉತ್ತರ ಐತ್ರಿ, ಅಳ್ಯಾರಂತ ಕೇಳಿದ್ರ ಇನ್ನೊಂದು," ಎಂದು ಅವರು ನಕ್ಕರು.

"ಮಾಸ್ತರಂತಲೇ ಕೇಳ್ತಿದ್ದೀನಿ, ಹೇಳಿ."

ಅವರು ಕಿಟಕಿಯಿಂದ ಹೊರಗೆ ನೋಡಿದರು. "ಮಾವನೋರು ಅಲ್ಲೇ ಕಟ್ಟಿ ಮ್ಯಾಲ ಕುಂತಾರಲ್ರಿ. ನೀವು ನಾಳೆ ರೈಲು ಹತ್ತತೀರಿ. ನಾ ಇದೇ ದಾರ್ಯಾಗ ದಿನಾ ಅವರಿಗಿ ನಮಸ್ಕಾರ ಮಾಡಬೇಕ್ರಿ." ಹೀಗೆಂದು ಚಹಾ ಕೊಟ್ಟರು.

ಬರುವಾಗ ಭೀಮರಾಯನಗುಡಿಯ ಹೋಟೆಲಿನಲ್ಲಿ ಕೂತೆವು. ಅಲ್ಲಿಯೂ ನಾಲ್ಕು ಜನ ಎದ್ದು ನಿಂತು ಬೆಂಬಲ ಕೊಟ್ಟರು. ಒಬ್ಬನಂತೂ ಎದೆ ಮುಟ್ಟಿಕೊಂಡ. ಬಸ್ಸಿನ ತನಕ ಹೋದಮೇಲೆ ಟವಲು ಮರೆತದ್ದು ನೆನಪಾಗಿ ನಾನೊಬ್ಬನೇ ಹಿಂದಕ್ಕೆ ಬಂದೆ. ಒಳಗೆ ಎದೆ ಮುಟ್ಟಿಕೊಂಡವನೇ ಮಾತಾಡುತ್ತಿದ್ದ: "ಬೆಂಬಲ ಅಂತ ಬೆಂಬಲ! ಯುದ್ಧ ಗೆದ್ದು ಎಷ್ಟು ವರ್ಸ ಆತು, ಕೆನಾಲ್ ನೀರು ನಮ್ಮ ಹೊಲಕ್ಕ ಇನ್ನಾ ದಾರಿ ಕೇಳಾಕತ್ತೈತಿ." ಉಳಿದವರು ಮೇಜು ಬಡಿದು ನಗುತ್ತಿದ್ದರು. ನಾನು ಟವಲನ್ನು ಅಲ್ಲೇ ಬಿಟ್ಟು ಬಂದೆ.

ಸಂಜೆ ಮಾಳಿಗೆಯ ಮೇಲೆ ಕೂತಿದ್ದೆವು. ಎದುರಿಗೆ ಬುದ್ಧ ಮಲಗಿದಂತಿರುವ ಶಹಾಪುರದ ಬೆಟ್ಟ, ಯಾರ ಚಿಂತೆಯೂ ಇಲ್ಲದೆ. ಮಾವ ಕೇಳಿದರು, "ಏನನಸ್ತ್ರಿ ಅಳ್ಯಾರ?"

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ. "ಮಾವ, ಬಾಯಲ್ಲಿ ಎಲ್ಲರೂ ಹೌದು ಅಂತಾರೆ. ಆದ್ರೆ ಈ ಕಡೆ ಜನ ಇನ್ನು ಅವರ ಹಿಂದೆ ಇಲ್ಲ ಅಂತ ನನಗನಿಸುತ್ತೆ."

ಮಾವನ ಬಾಯಿ ತೆರೆಯಿತು. ಕುತ್ತಿಗೆಯ ನರ ಉಬ್ಬಿತು. ಇನ್ನೇನು ಗುಡುಗುತ್ತಾರೆ ಅನ್ನುವಾಗ, ಎದುರಿಗೆ ಕೂತವನು ಅಳಿಯ ಎನ್ನುವುದು ನೆನಪಾಯಿತು. ತೆರೆದ ಬಾಯಿ ಮುಚ್ಚಿತು. ಬಿಸಿ ಭಜಿಯನ್ನು ಇಡಿಯಾಗಿ ನುಂಗಿದವರ ಮುಖ ಮಾಡಿಕೊಂಡು, "ಹೌದ್ರಿ... ನೀವಂದಮ್ಯಾಲ ಹಂಗೇ ಇರಬೇಕ್ರಿ," ಎಂದರು. ಆಮೇಲೆ ಕೆಮ್ಮಲೂ ಇಲ್ಲ. ನನಗೆ ಕೆಟ್ಟದೆನಿಸಿತು.

ಮರುದಿನ ಬೆಳಗ್ಗೆ ಸುರಪುರದ ಬಸ್ಸು ಹತ್ತಿದೆ. ದೂರ ಹೆಚ್ಚಿಲ್ಲ, ಶಹಾಪುರದಿಂದ ಒಂದು ತಾಸೂ ಹಿಡಿಯಲಿಲ್ಲ. ಗುಡ್ಡದ ಮೇಲೆ, ಕಲ್ಲುಗುಂಡುಗಳ ಸಂದಿಯಲ್ಲಿ ಕೂತ ಊರು ಅದು. ದೇವಿಂದ್ರಪ್ಪ ಮಾಮ ಬಸ್‌ಸ್ಟ್ಯಾಂಡಿಗೇ ಬಂದಿದ್ದರು. ಗಿಡ್ಡ ಆಳು, ಬಾಯಿ ಒಂದು ಕ್ಷಣ ಸುಮ್ಮನಿರುವುದಿಲ್ಲ. ಅವರ ಪಡಸಾಲೆಯ ಗೋಡೆಯಲ್ಲಿ, ಫೋಟೋ ಇದ್ದ ಜಾಗ ಮಾತ್ರ ಸುಣ್ಣ ಹೊಸದಾಗಿ ಹಚ್ಚಿದಂತೆ ಬೆಳ್ಳಗಿತ್ತು. ಮೊಳೆಗೆ ಕೊಡೆ ತೂಗುಹಾಕಿದ್ದರು.

"ನಾ ಏನೂ ಹೇಳಂಗಿಲ್ರಿ ಅಳ್ಯಾರ, ನೀವೇ ಕೇಳ್ರಿ," ಎಂದು ಅವರು ನನಗಿಂತ ಹತ್ತು ಮಾರು ಮುಂದೆ ಪೇಟೆಯಲ್ಲಿ ನಡೆದರು. ಮುಂದೆ ಹೋಗಿ ಅಂಗಡಿ ಅಂಗಡಿಯಲ್ಲೂ ಬರೀ "ನಮ್ಮ ಅಳ್ಯಾರು ಬರಾಕತ್ತಾರ" ಎಂದರು. ನಾನು ತಲುಪುವ ಹೊತ್ತಿಗೆ ಚಹಾ ತಯಾರು, ಉತ್ತರವೂ ತಯಾರು. "ಈಗ್ಯಾರು ಅವರ ಹಿಂದ ಹೊಂಟಾರ್ರಿ?" ಎಂದು ಬಟ್ಟೆಯಂಗಡಿಯವರು, ಕಿರಾಣಿಯವರು, ಕ್ಷೌರದವರು ಎಲ್ಲ ಒಂದೇ ಪಾಠ ಒಪ್ಪಿಸಿದರು. ಶಹಾಪುರದಲ್ಲಿ ಏಳು ಗ್ಲಾಸು ಚಹಾ ಹೌದು ಎಂದಿತ್ತು, ಸುರಪುರದಲ್ಲಿ ಒಂಬತ್ತು ಗ್ಲಾಸು ಇಲ್ಲ ಎಂದಿತು.

ಕೊನೆಗೊಂದು ಪಾನ್‌ಬೀಡಾ ಡಬ್ಬಿಯಂಗಡಿ. ಅದರ ಮಾಲೀಕ "ಬೆಂಬಲ ಅನ್ನೂದು ಮುಗದ ಕತಿ ರಿ" ಎಂದು ಜೋರಾಗಿಯೇ ಹೇಳಿದ. ಆದರೆ ಯಾಕೋ ಒಂದು ಮೂಲೆಗೆ ಬೆನ್ನು ಹಚ್ಚಿ ನಿಂತು, ಅಲ್ಲಿಂದ ಕದಲದೆ, ಕೈ ಚಾಚಿ ಚಾಚಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅಡಿಕೆ ಕೆಳಗೆ ಬಿತ್ತು. ಹೆಕ್ಕಲು ಬಗ್ಗಿದ. ಹಿಂದೆ ಲಕ್ಷ್ಮಿಯ ಎಡಕ್ಕೆ, ಹನುಮಪ್ಪನ ಬಲಕ್ಕೆ, ಊದುಬತ್ತಿಯ ಹೊಗೆಯಲ್ಲಿ ನಮ್ಮ ನಾಯಕರು! ನನ್ನ ಕಣ್ಣು ಅಲ್ಲಿ ಬಿದ್ದದ್ದು ಕಂಡು ಅವನು ಕೈ ಮುಗಿದು ಪಿಸುಗುಟ್ಟಿದ: "ದೇವಿಂದ್ರಪ್ಪನೋರಿಗಿ ಹೇಳಬ್ಯಾಡ್ರಿ. ದಿನಾ ಎರಡು ಎಲಿ ಒಯ್ಯೋ ಗಿರಾಕಿ ಅವರು."

ಮಧ್ಯಾಹ್ನದ ಊಟಕ್ಕೆ ಮತ್ತೆ ಹೋಳಿಗೆ. ಮಾಮ ಕೇಳಿದರು, "ಹೇಳ್ರಿ ಅಳ್ಯಾರ, ಏನು ನಿಮ್ಮ ಫೈಸಲಾ?"

ಇಲ್ಲಿಯೂ ಕಂಡದ್ದನ್ನೇ ಹೇಳಿದೆ. "ಮಾಮ, ಬಾಯಲ್ಲಿ ಏನೇ ಅನ್ನಲಿ, ಜನ ಒಳಗೊಳಗೆ ಇನ್ನೂ ಅವರ ಹಿಂದೆಯೇ ಇದ್ದಾರೆ ಅನಿಸುತ್ತೆ."

ಮತ್ತೆ ಅದೇ ಬಿಸಿ ಭಜಿ. ಆದರೆ ಶರಣಪ್ಪನವರಿಗೆ ನುಂಗಿ ಅಭ್ಯಾಸವಿತ್ತು. ದೇವಿಂದ್ರಪ್ಪನವರು ಹುಟ್ಟಿದಮೇಲೆ ಒಂದು ಮಾತನ್ನೂ ಒಳಗಿಟ್ಟುಕೊಂಡವರಲ್ಲ. "ಹೌ... ಹೌದ್ರಿ. ಆದ್ರ ಬೆಲಿ... ಇರ್ಲಿ ಬಿಡ್ರಿ. ಆದ್ರ ಆ ಕೆನಾಲ್... ನೀವಂದದ್ದು ಖರೇ ರಿ," ಎಂದು ಬೆವರಿದರು. ಊಟವಾದ ಮೇಲೆ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗಿದರು. ಕೊಡೆಯನ್ನು ಮೊಳೆಯಿಂದ ತೆಗೆದರು, ಮತ್ತೆ ಹಾಕಿದರು.

ಸಂಜೆಯ ಬಸ್ಸಿಗೆ ನನ್ನನ್ನು ಕಳಿಸಲು ಬಂದರು. ಅಳಿಯನನ್ನು ಒಬ್ಬನೇ ಕಳಿಸುವ ಪದ್ಧತಿ ಆ ಸೀಮೆಯಲ್ಲಿ ಇಲ್ಲ. ಚೀಲ ತಾವೇ ಹೊತ್ತು ಬಸ್ಸು ಹತ್ತಿ, ಕಂಡಕ್ಟರನ ಜೊತೆ ಜಗಳವಾಡಿ ನನಗೆ ಮುಂದಿನ ಸೀಟು ಕೊಡಿಸಿ, ಪಕ್ಕದಲ್ಲಿ ಒಂದು ನಿಮಿಷ ಕೂತರು.

"ಅಳ್ಯಾರ, ನಿಮಗ ನಾ ಎದುರಾಡಂಗಿಲ್ಲ. ಆದ್ರ ಶರಣ್ಯಾ ಸಿಕ್ಕಿದ್ರ ಅವನಿಗಿ ಒಂದು ಮಾತು ಕೇಳತಿದ್ದೆ. ಯುದ್ಧ ಗೆದ್ದವರೆಲ್ಲಾ ಅಡಗಿಮನಿ ಗೆದ್ದಂಗ ಆತೇನು ಅಂತ."

"ಕೇಳಬೇಕಾದ ಮಾತೇ," ಎಂದೆ.

"ಮತ್ತ ಎರಡನೇ ಮಾತು..."

ಬಸ್ಸು ಹೊರಟಿತು. "ಇಳಿತೀನಿ, ಮುಂದಿನ ಸ್ಟಾಪಿನ್ಯಾಗ ಇಳಿತೀನಿ," ಎಂದರು. ಮುಂದಿನ ಸ್ಟಾಪಿಗೆ ಮೂರನೇ ಮಾತು ಬಂದಿತ್ತು. ಅದರ ಮುಂದಿನ ಸ್ಟಾಪಿನಲ್ಲಿ ಕಂಡಕ್ಟರ್ ಟಿಕೆಟ್ಟು ಕೇಳಿದ. ಮಾಮ ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ. "ಶಹಾಪುರ ಒಂದು ಕೊಡಪಾ," ಎಂದರು. "ಎಷ್ಟಂದ್ರೂ ಷರತ್ತಿನ್ಯಾಗ ಸೋತೀನಿ. ಸೋತಾಂವ ಹೋಗಬೇಕಲ್ರಿ."

ಮನೆಯ ಮುಂದೆ ಅತ್ತೆ ಜೋಳ ಹಸನು ಮಾಡುತ್ತಿದ್ದರು. ತಲೆಯೆತ್ತಿದವರ ಕೈಯಿಂದ ಮೊರ ಜಾರಿ ಜೋಳವೆಲ್ಲ ಅಂಗಳಕ್ಕೆ ಚೆಲ್ಲಿತು. ಒಳಗೆ ಓಡಿ ಚೊಂಬಿನಲ್ಲಿ ನೀರು ತಂದು ಅಣ್ಣನ ಕಾಲಿಗೆ ತಾವೇ ಹಾಕಿದರು. ನನ್ನ ಕಾಲಿಗೆ ನೀರು ಹಾಕುವುದು ಅವತ್ತು ಯಾರಿಗೂ ನೆನಪಾಗಲಿಲ್ಲ.

ದೇವಿಂದ್ರಪ್ಪನವರು ಕುತ್ತಿಗೆ ನೆಟ್ಟಗೆ ಮಾಡಿಕೊಂಡು ಹೊಸ್ತಿಲು ದಾಟಿ, ಪಡಸಾಲೆಯ ನಡುವೆ ನಿಂತರು. ಗೋಡೆ ಖಾಲಿಯಾಗಿತ್ತು. ಸುರಪುರದ್ದೇ ಅಳತೆಯ ಒಂದು ಬಿಳಿ ಚೌಕ. ಮಾವ ಶರಣಪ್ಪನವರು ಜಮಖಾನದ ಮೇಲೆ ಕೂತು, ಇಳಿಸಿದ ಫೋಟೋವನ್ನು ಧೋತರದ ತುದಿಯಿಂದ ಒರೆಸುತ್ತಿದ್ದರು.

"ಲೇ ಶರಣ್ಯಾ, ಫೋಟೋ ಯಾಕ ಇಳಿಸಿದಿ?"

"ಸೋತೀನಿ, ಇಳಿಸೀನಿ. ನಾಳೆ ನಿನ್ನ ಕರೀಲಾಕ ಬರೂದಿತ್ತು. ಮಂದಿ ಹಿಂದ ಇಲ್ಲಂತ ಅಳ್ಯಾರು ಹೇಳ್ಯಾರ."

"ಸೋತಾಂವ ನಾನು! ಮಂದಿ ಇನ್ನಾ ಹಿಂದ ಅದಾರಂತ ಅಳ್ಯಾರು ಹೇಳ್ಯಾರ!"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಯಾರಾದರೂ ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತು. ಆದರೆ ನಾನು ಅಳಿಯ. ಇಬ್ಬರ ಕಣ್ಣಲ್ಲೂ ಬೈಗುಳ ತುಂಬಿ ಬಂದು, ರೆಪ್ಪೆಯ ಹತ್ತಿರ ನಿಂತು, ಹಿಂದಕ್ಕೆ ಹೋಯಿತು. "ಎರಡೂ ಊರಲ್ಲಿ ಕಂಡದ್ದನ್ನೇ ಹೇಳಿದೆ," ಎಂದು ತೊದಲಿದೆ. "ಇರಲಿ ಬಿಡ್ರಿ," ಎಂದರು ಮಾವ. "ಏನೂ ಹರಕತ್ತಿಲ್ರಿ," ಎಂದರು ಮಾಮ. ನನಗೆ ಎದುರಾಡಲಾಗದೆ ಉಳಿದ ಅಷ್ಟನ್ನೂ ಆಮೇಲೆ ಒಬ್ಬರ ಮೇಲೊಬ್ಬರು ಸುರಿದುಕೊಂಡರು.

ಜಗಳ ಈಗ ನಾಯಕರದ್ದಾಗಿರಲಿಲ್ಲ, ಸೋತವರು ಯಾರು ಎನ್ನುವುದರದ್ದು. "ನೀ ಸೋತಿಲ್ಲ, ಫೋಟೋ ಮ್ಯಾಲ ಹಾಕು!" ಎಂದು ಮಾಮ ಮೊಳೆ ತೋರಿಸಿದರು. "ನೀ ಸೋತಿಲ್ಲ, ನಾ ಹ್ಯಾಂಗ ಹಾಕಲಿ?" ಎಂದು ಮಾವ ಫೋಟೋ ಅವುಚಿಕೊಂಡರು. ಗೆದ್ದೆನೆಂದು ಬಡಿದಾಡುವವರನ್ನು ಕಂಡಿದ್ದೇನೆ. ನಾನೇ ಸೋತವನೆಂದು ಧೋತರ ಬಿಗಿದು ನಿಂತವರನ್ನು ಕಂಡದ್ದು ಅಲ್ಲಿಯೇ.

ಅತ್ತೆ ಎರಡು ತಾಟು ತಂದು ನಡುವೆ ಇಟ್ಟರು. ಅಣ್ಣನ ತಾಟಿಗೆ ಮೊದಲು ಹಾಕಿದ್ದು ಅರ್ಧ ಹೋಳಿಗೆ.

"ಇದ್ಯಾಕ ಅರ್ಧ?" ಎಂದರು ಮಾಮ.

"ಬಿಟ್ಟು ಹೋಗಿದ್ದಿಯಲ್ಲಾ, ಮೊದಲು ಅದನ್ನ ಮುಗಸು. ಆಮ್ಯಾಲ ಜಗಳಾ."

ಮಾಮ ಕೂತರು. ತಲೆ ಬಗ್ಗಿಸಿ ತಿಂದರು. ಮಾವ ಫೋಟೋವನ್ನು ಜೋಳದ ಚೀಲಕ್ಕೆ ಆನಿಸಿ ಇಟ್ಟು, ತುಪ್ಪದ ಗಿಂಡಿಯನ್ನು ಗೆಳೆಯನ ಕಡೆ ಸರಿಸಿದರು.

ಮರುದಿನ ಮಧ್ಯಾಹ್ನ ನಾನು ಯಾದಗಿರಿಗೆ ಹೊರಟೆ. ಒಳಗೆ ಗೌರಿಯ ಮದುವೆಗೆ ಹಂದರ ಎಲ್ಲಿ ಹಾಕಬೇಕೆಂದು ಇಬ್ಬರ ತಕರಾರು ನಡೆದಿತ್ತು. ಅದರ ನಡುವೆ ನಾಯಕರು, ಕೆನಾಲು, ಎಣ್ಣೆಯ ಬೆಲೆ ಬಂದು ಬಂದು ಹೋಗುತ್ತಿದ್ದವು. ಬಾಗಿಲ ತನಕ ಬಂದವರು ಅತ್ತೆ ಒಬ್ಬರೇ.

"ನಿಮ್ಮನ್ನ ಕಳಸಾಕ ಬರಬೇಕಂತ ಇಬ್ಬರಿಗೂ ನೆಪ್ಪಿಲ್ರಿ. ತಪ್ಪು ತಿಳ್ಕೋಬ್ಯಾಡ್ರಿ," ಎಂದರು.

ಚೀಲವನ್ನು ಹೆಗಲಿಗೇರಿಸಿಕೊಂಡಮೇಲೆ ನನಗೊಂದು ಹೊಳೆಯಿತು. "ಅತ್ತೆ, ಇಷ್ಟು ಜನರನ್ನು ಕೇಳಿದೆ, ನಿಮ್ಮನ್ನು ಕೇಳಲೇ ಇಲ್ಲ. ನೀವೇನಂತೀರಿ? ಜನ ಇನ್ನೂ ಅವರ ಹಿಂದೆ ಇದ್ದಾರಾ?"

ಅವರು ಸೆರಗಿಗೆ ಕೈ ಒರೆಸಿಕೊಂಡರು. ಒಳಗಿನಿಂದ ದೇವಿಂದ್ರಪ್ಪನವರ ದನಿ ಮಾಳಿಗೆ ಹಾರಿ ಹೋಗುವಂತೆ ಕೇಳಿತು.

"ಯಾರು ಯಾರ ಹಿಂದ ಅದಾರೋ ನನಗ ತಿಳೀದ್ರಿ ಅಳ್ಯಾರ," ಎಂದರು. "ನಮ್ಮಣ್ಣ ಒಳಗ ಅದಾನ."

ಚೀಲ ಹೊರುವವರಿಲ್ಲದೆ, ಸೀಟು ಹಿಡಿಯುವವರಿಲ್ಲದೆ ಬಸ್‌ಸ್ಟ್ಯಾಂಡಿಗೆ ಒಬ್ಬನೇ ನಡೆದೆ. ಓಣಿಯ ತಿರುವಿನಲ್ಲಿ ಹಿಂದಿರುಗಿ ನೋಡಿದರೆ ಅತ್ತೆ ಬಾಗಿಲಲ್ಲಿ ಇರಲಿಲ್ಲ, ಒಳಗೆ ಹೋಗಿಬಿಟ್ಟಿದ್ದರು.